ಅಶ್ಲೀಲತೆ, ಕಾನೂನು ಮತ್ತು ನಾವು

(ಸಂಘದ ಮಹಿಳಾ ವಿಭಾಗವು ಪವಾಯಿಯಲ್ಲಿ ಏರ್ಪಡಿಸಿದ್ದ ಅರಶಿನ ಕುಂಕುಮ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಕಾರ್ಯಕ್ರಮಕ್ಕೆ ಕರೆಯಲು ಫೋನ್ ಮಾಡಿದವರು ವಿಷಯ ಯಾವುದೆಂದು ಕೇಳಿದರು. "ಅಶ್ಲೀಲತೆಯ ಕಾನೂನು" ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಮೆಲ್ಲಗೆ, "ಅರಶಿನ ಕುಂಕುಮಕ್ಕೆ ಅದು ಸರಿಯಾಗ್ತದಾ ಅಕ್ಕ? ಆಸ್ತಿ ಹಕ್ಕಿನ ಬಗ್ಗೆ ಹೇಳಬಹುದಲ್ಲ?" ಎಂದರು. ಆಸ್ತಿ ಹಕ್ಕಿನ ಬಗ್ಗೆ ಇಲ್ಲಿಯೇ ಎರಡು ಸಲ ಮಾತಾಡಿದ್ದೇನೆ. ಈ ಸಲ ಇದೇ ಇರಲಿ ಎಂದು ಹಟ ಹಿಡಿದೆ. ಅದಕ್ಕೆ ಕಾರಣವಿದೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದರ ಮೇಲೆ ನನಗೊಂದು ಫೋನ್ ಬಂತು. ನಮ್ಮವರೇ, ಈ ಪವಾಯಿ-ಚಾಂದಿವಲಿ ಕಡೆಯವರೇ. ಇಲ್ಲಿ ಹೇಳುವುದಕ್ಕೆ ಆ ತಾಯಿಯ ಒಪ್ಪಿಗೆಯನ್ನೂ ಮಗಳ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಸಿಗುವಂಥದ್ದನ್ನು ಹೇಳುವುದಿಲ್ಲ, ನೀವೂ ಊಹೆ ಮಾಡಲು ಹೋಗಬೇಡಿ. ಮಗಳು ಆಗಷ್ಟೇ ಡಿಗ್ರಿ ಕಾಲೇಜಿಗೆ ಸೇರಿದವಳು. ಹಬ್ಬದ ದಿನ ಸೀರೆ ಉಟ್ಟು ತೆಗೆದ ಫೋಟೋವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದಳು. ಯಾರೋ ಆ ಮುಖವನ್ನು ಮಾತ್ರ ಕತ್ತರಿಸಿ, ಬಟ್ಟೆಯಿಲ್ಲದ ಇನ್ನೊಂದು ದೇಹಕ್ಕೆ ಅಂಟಿಸಿದ್ದರು. ಅದು ಕಾಲೇಜಿನ ಗ್ರೂಪಿನಿಂದ ಹೊರಟು, ನಾಲ್ಕು ದಿನದಲ್ಲಿ ಬಿಲ್ಡಿಂಗಿನ ಗ್ರೂಪಿಗೆ ಬಂದು ಮುಟ್ಟಿತ್ತು.

ಆ ತಾಯಿ ನನ್ನಲ್ಲಿ ಕೇಳಿದ ಪ್ರಶ್ನೆ ಮಾತ್ರ ನಾನು ಎಣಿಸಿದ್ದಲ್ಲ. "ಇದು ಅಶ್ಲೀಲ ಅಂತ ಆಗ್ತದಾ ಅಕ್ಕ?" ಎಂದು ಕೇಳಿದರು. ದೂರು ಕೊಡಲು ಹೋದಲ್ಲಿ ಒಬ್ಬರು ಫೋಟೋವನ್ನು ದೊಡ್ಡದು ಮಾಡಿ ನೋಡಿ, "ದೇಹ ನಿಮ್ಮ ಮಗಳದ್ದಲ್ಲ, ಇದರಲ್ಲಿ ಅಷ್ಟೇನೂ ಕಾಣುವುದೂ ಇಲ್ಲ" ಎಂದಿದ್ದರಂತೆ. ಬಿಲ್ಡಿಂಗಿನಲ್ಲಿ ಇನ್ನೊಬ್ಬರು, "ಫೋಟೋ ಹಾಕಿದ್ದೇ ಯಾಕೆ?" ಎಂದಿದ್ದರು. ಒಬ್ಬರಿಗೆ ಅಶ್ಲೀಲ ಸಾಕಾಗಲಿಲ್ಲ, ಇನ್ನೊಬ್ಬರಿಗೆ ಹುಡುಗಿಯೇ ಹೆಚ್ಚಾದಳು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇಪ್ಪತ್ತು ವರ್ಷ ಕೋರ್ಟಿಗೆ ಓಡಾಡಿದ ಮೇಲೂ ಈ ಕಾನೂನು ಯಾರ ಕಡೆಗೆ ನಿಂತು ನೋಡುತ್ತದೆ ಎಂದು ನಾನು ಸರಿಯಾಗಿ ಯೋಚಿಸಿಯೇ ಇರಲಿಲ್ಲ.

ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯ 292ನೆಯ ಕಲಮು ಅಶ್ಲೀಲ ಪುಸ್ತಕ, ಚಿತ್ರ ಮಾರುವುದನ್ನು ಅಪರಾಧವೆಂದಿತು. ಅಶ್ಲೀಲವೆಂದು ಗುರುತಿಸುವುದು ಹೇಗೆ? ಅದಕ್ಕೆ ಅಳತೆಗೋಲು ಬಂದದ್ದು 1868ರಲ್ಲಿ ಲಂಡನ್ನಿನ ಹಿಕ್ಲಿನ್ ಮೊಕದ್ದಮೆಯಿಂದ. ಓದುವವರ, ನೋಡುವವರ ಮನಸ್ಸನ್ನು ಕೆಡಿಸುವ ಗುಣ ಅದರಲ್ಲಿದೆಯೇ ಎಂಬುದೇ ಅಳತೆ. ನಮ್ಮ ಮುಂಬಯಿಯಲ್ಲೇ ಇದರ ದೊಡ್ಡ ಮೊಕದ್ದಮೆ ನಡೆಯಿತು. 1959ರ ಡಿಸೆಂಬರಿನಲ್ಲಿ ಹ್ಯಾಪಿ ಬುಕ್ ಸ್ಟಾಲ್ ಎಂಬ ಪುಸ್ತಕದಂಗಡಿಗೆ ಪೊಲೀಸರು ಗಿರಾಕಿಯ ವೇಷದಲ್ಲಿ ಒಬ್ಬರನ್ನು ಕಳಿಸಿ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯನ್ನು ಕೊಂಡರು. ಅಂಗಡಿಯ ಪಾಲುದಾರರಿಗೆ ತಲಾ 20 ರೂಪಾಯಿ ದಂಡ. ಆ 20 ರೂಪಾಯಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಾಹಿತಿ ಮುಲ್ಕ್ ರಾಜ್ ಆನಂದ್ ಕಾದಂಬರಿಯ ಪರವಾಗಿ ಸಾಕ್ಷಿ ಹೇಳಿದ್ದರು. 1964ರಲ್ಲಿ ಐವರು ನ್ಯಾಯಮೂರ್ತಿಗಳು ಶಿಕ್ಷೆಯನ್ನು ಎತ್ತಿಹಿಡಿದರು, ಹಿಕ್ಲಿನ್ ಅಳತೆ ನಮ್ಮಲ್ಲಿ ಗಟ್ಟಿಯಾಯಿತು. ಅದು ಕಳಚಿಬೀಳಲು ಐವತ್ತು ವರ್ಷ ಬೇಕಾಯಿತು. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇನ್ನು ಮುಂದೆ ಇಂದಿನ ಸಮಾಜದ ಮಾನದಂಡದಿಂದ ಅಳೆಯಬೇಕು ಎಂದಿತು.

ಒಂದು ತಮಾಷೆಯ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಈ ಕಲಮಿನಲ್ಲೇ ವಿನಾಯಿತಿಗಳಿವೆ. ದೇವಸ್ಥಾನದ ಕೆತ್ತನೆ ಅಶ್ಲೀಲವಲ್ಲ, ದೇವರ ಮೂರ್ತಿಯನ್ನು ಒಯ್ಯುವ ತೇರಿನ ಮೇಲಿನ ಕೆತ್ತನೆಯೂ ಅಶ್ಲೀಲವಲ್ಲ. ಚಿಕ್ಕವಳಿದ್ದಾಗ ಊರಿನ ತೇರಿನ ಕೆಳಗಿನ ಸಾಲನ್ನು ನಾವು ನೋಡುತ್ತಿದ್ದರೆ ಅಜ್ಜಿ ತಲೆಗೊಂದು ಮೊಟಕಿ ಆಚೆ ತಿರುಗಿಸುತ್ತಿದ್ದರು. ಅಜ್ಜಿಗಿಂತ ಬ್ರಿಟಿಷರೇ ಉದಾರಿಗಳು ಎಂದು ಕಾಲೇಜಿನಲ್ಲಿ ಓದುವಾಗ ನಗು ಬಂದಿತ್ತು.

ಆದರೆ ಗಮನಿಸಿ. 1868ರದ್ದಿರಲಿ, 2014ರದ್ದಿರಲಿ, ಕೇಳುವ ಪ್ರಶ್ನೆ ಒಂದೇ: ನೋಡುವವನಿಗೆ ಏನಾಗುತ್ತದೆ? ಅವನ ಮನಸ್ಸು ಕೆಡುತ್ತದೆಯೇ? ಚಿತ್ರದಲ್ಲಿರುವ ಹೆಂಗಸಿಗೆ ಏನಾಯಿತು, ಅವಳನ್ನು ಯಾರಾದರೂ ಕೇಳಿದ್ದಾರೆಯೇ ಎಂಬುದು 292ರಲ್ಲಿ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಅದೀಗ 294 ಆಗಿದೆ, ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ತೋರಿಸುವುದೂ ಅದರೊಳಗೆ ಸೇರಿದೆ. ಪ್ರಶ್ನೆ ಮಾತ್ರ ಅದೇ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕುಳಿತವರಲ್ಲಿ ಹೊಟೇಲು ಉದ್ಯಮದ ಅನ್ನ ಉಂಡವರು ಬಹಳ ಮಂದಿ. ನಾನೂ ಅವರಲ್ಲೊಬ್ಬಳು. ನನ್ನ ಕಾನೂನು ಕಾಲೇಜಿನ ಫೀಸು ಕಟ್ಟಿದವರು ನನ್ನ ಸೋದರಮಾವ. ಹದಿಮೂರರ ಹರೆಯದಲ್ಲಿ ಊರು ಬಿಟ್ಟು ಬಂದು, ಹಗಲು ಹೊಟೇಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು, ಕಡೆಗೆ ಉಪನಗರದಲ್ಲಿ ಸ್ವಂತದ ರೆಸ್ಟೋರೆಂಟ್ ಮತ್ತು ಬಾರ್ ಮಾಡಿದವರು. ತೊಂಬತ್ತರ ದಶಕದಲ್ಲಿ ಅದು ಲೇಡೀಸ್ ಬಾರ್ ಆಯಿತು. ಮನೆಯಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. 'ಮಾವನ ಹೊಟೇಲು', ಅಷ್ಟೇ. ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಆ ಹಣ ಹೋಯಿತು, ನನ್ನ ಪುಸ್ತಕಗಳಿಗೂ ಹೋಯಿತು.

2005ರಲ್ಲಿ ಮಹಾರಾಷ್ಟ್ರ ಸರಕಾರ ಡಾನ್ಸ್ ಬಾರ್‌ಗಳನ್ನು ನಿಷೇಧಿಸಿತು. ಆಗ ಗೃಹಮಂತ್ರಿಯಾಗಿದ್ದವರು ಆರ್. ಆರ್. ಪಾಟೀಲ್. 1951ರ ಬಾಂಬೆ ಪೊಲೀಸ್ ಕಾಯ್ದೆಗೆ 33ಎ, 33ಬಿ ಎಂಬ ಎರಡು ಕಲಮುಗಳನ್ನು ಸೇರಿಸಿದರು. ಆಗಸ್ಟಿನಲ್ಲಿ ಜಾರಿಗೆ ಬಂತು. ಆಗ ರಾಜ್ಯಪಾಲರಾಗಿದ್ದವರು ನಮ್ಮ ಎಸ್. ಎಂ. ಕೃಷ್ಣ. ನಾನು ಆಗಷ್ಟೇ ಕರಿ ಕೋಟು ಹಾಕಿದ್ದೆ. ಮಾವ ಗೆಜೆಟ್ಟಿನ ಜೆರಾಕ್ಸ್ ಹಿಡಿದುಕೊಂಡು ಬಂದು, "ಇದರಲ್ಲಿ ಎಂತ ಬರೆದಿದ್ದಾರೆ, ಓದಿ ಹೇಳು ಮಾರಾಯ್ತಿ" ಎಂದರು.

ಓದಿ ಹೇಳಿದೆ. ಊಟದ ಹೊಟೇಲು, ಪರ್ಮಿಟ್ ರೂಮು, ಬಿಯರ್ ಬಾರ್‌ಗಳಲ್ಲಿ ಯಾವ ನೃತ್ಯವೂ ಕೂಡದು, ಇದು 33ಎ. ಅದರ ಹಿಂದೆಯೇ ಬಂದ 33ಬಿ ಏನು ಹೇಳುತ್ತಿತ್ತೆಂದರೆ, ಮೂರು ನಕ್ಷತ್ರ ಮತ್ತು ಅದಕ್ಕಿಂತ ಮೇಲಿನ ಹೊಟೇಲುಗಳಿಗೆ, ನಾಟಕ ಮಂದಿರಗಳಿಗೆ, ಜಿಮ್ಖಾನಾ-ಕ್ಲಬ್ಬುಗಳಿಗೆ ಈ ನಿಷೇಧ ಇಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ನಮ್ಮಲ್ಲಿ ಕುಣಿದರೆ ಅಶ್ಲೀಲ, ಹವಾನಿಯಂತ್ರಣ ಹೆಚ್ಚಿದ್ದಲ್ಲಿ ಕುಣಿದರೆ ಕಲೆ" ಎಂದರು. ಕಾನೂನು ಕಲಿಯದ ಮಾವ ಅಂದು ಹೇಳಿದ್ದನ್ನೇ ಮರುವರ್ಷ, 2006ರ ಏಪ್ರಿಲಿನಲ್ಲಿ, ಬಾಂಬೆ ಹೈಕೋರ್ಟ್ ತನ್ನ ಭಾಷೆಯಲ್ಲಿ ಹೇಳಿತು. ಒಂದೇ ನೃತ್ಯಕ್ಕೆ ಎರಡು ನ್ಯಾಯ ಮಾಡುವುದು ಸಂವಿಧಾನದ 14ನೆಯ ವಿಧಿಗೆ ವಿರುದ್ಧ, ದುಡಿದು ತಿನ್ನುವ ಹಕ್ಕಿಗೂ ವಿರುದ್ಧ ಎಂದಿತು.

ಅದೇ 2005ರಲ್ಲಿ 'ಬಂಟಿ ಔರ್ ಬಬ್ಲಿ' ಬಂದಿತ್ತು. 'ಕಜರಾರೆ' ಹಾಡಿಗೆ ಕುಣಿಯದ ವಾರ್ಷಿಕೋತ್ಸವವೇ ಆ ವರ್ಷ ಇರಲಿಲ್ಲ. ನಮ್ಮ ಮಕ್ಕಳೂ ಕುಣಿದರು, ನಾವು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆವು. ಬಾರಿನ ಹೆಂಗಸರೂ ಕುಣಿಯುತ್ತಿದ್ದದ್ದು ಇಂಥ ಹಾಡುಗಳಿಗೇ.

ಆದರೆ ಮಾವನನ್ನು ನಾನು ಸಾಧು ಮಾಡಿ ತೋರಿಸಲಾರೆ. ಆ ಹೆಂಗಸರ ಮೇಲೆ ಎಸೆದ ನೋಟಿನಲ್ಲಿ ಅವರಿಗೂ ಪಾಲು ಇತ್ತು. ಹೆಚ್ಚಿನವರಿಗೆ ನೇಮಕದ ಚೀಟಿ ಇರಲಿಲ್ಲ, ಪಗಾರ ಇರಲಿಲ್ಲ. ಸರಕಾರ ಕಾನೂನು ಮಾಡುವಾಗ ಆ ಪಗಾರದ ಬಗ್ಗೆ ಕೇಳಲಿಲ್ಲ. ಅದರ ಉದ್ದೇಶದಲ್ಲಿ ಬರೆದದ್ದು ಮಹಿಳೆಯ ಘನತೆಗೆ ಕುಂದು, ಸಾರ್ವಜನಿಕ ನೀತಿಗೆ ಹಾನಿ, ಮನಸ್ಸು ಕೆಡಿಸುವುದು ಎಂದು. ಲಂಡನ್ನಿನ 1868ರ ಅದೇ ಮಾತು, ನಮ್ಮ ಗೆಜೆಟ್ಟಿಗೆ ಬಂದು ಕುಳಿತಿತ್ತು.

ಅವರಲ್ಲಿ ಒಬ್ಬಳು, ಹೆಸರು ಬೇಡ, ನಿಷೇಧ ಬಂದು ಎರಡು ತಿಂಗಳಾದ ಮೇಲೆ ನಮ್ಮ ಮನೆಯ ಬಾಗಿಲಿಗೆ ಬಂದಳು. ಸಾದಾ ಪಂಜಾಬಿ ಡ್ರೆಸ್ಸು, ಕೈಯಲ್ಲಿ ಮಗು. ಮಾವನಿಂದ ವಿಳಾಸ ಕೇಳಿ ಬಂದಿದ್ದಳು. ಹಿಂದಿಯಲ್ಲಿ, "ದೀದಿ, ಪಾತ್ರೆ-ಕಸ ಏನಾದರೂ ಮಾಡುತ್ತೇನೆ" ಎಂದಳು. ನಮಗೆ ಆಗ ಕೆಲಸದವಳು ಬೇಕೇ ಇತ್ತು. ನಾನು ಇಲ್ಲ ಎಂದೆ. ಪಕ್ಕದ ಫ್ಲ್ಯಾಟಿನವರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಸಮಾನತೆಯ ಬಗ್ಗೆ ಆ ವಾರವೇ ಒಂದು ಲೇಖನ ಓದಿ ಅಡಿಗೆರೆ ಹಾಕಿಟ್ಟಿದ್ದೆ. ಅವಳು ಜಗಳ ಮಾಡಲಿಲ್ಲ. ಮಗುವಿಗೆ ನೀರು ಕೇಳಿದಳು, ಕೊಟ್ಟೆ, ಕುಡಿಸಿ ಹೋದಳು.

ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ಕೇಂದ್ರವೂ ಮಹಿಳಾ ಸಂಘಟನೆಗಳೂ ಸೇರಿ ಅದೇ ವರ್ಷ ಸುಮಾರು 500 ಮಂದಿ ಬಾರ್ ನರ್ತಕಿಯರನ್ನು ಕಂಡು ಮಾತಾಡಿಸಿದವು. ಅವರ ಪರವಾಗಿ ಹೈಕೋರ್ಟಿನಲ್ಲಿ ವಾದಿಸಿದವರಲ್ಲಿ ಫ್ಲೇವಿಯಾ ಆಗ್ನೆಸ್ ಒಬ್ಬರು. ಮಂಗಳೂರಿನಲ್ಲಿ ಬೆಳೆದವರು, ಗಂಡನ ಹೊಡೆತ ತಿಂದು ಹೊರಬಂದು, ಆಮೇಲೆ ಕಾನೂನು ಕಲಿತು, ಈ ನಗರದಲ್ಲಿ 'ಮಜ್ಲಿಸ್' ಕಟ್ಟಿದವರು. ಬಾರ್ ಮಾಲಕರ ಕೇಸು ಬೇರೆ, ಹೆಂಗಸರ ಕೇಸು ಬೇರೆ ಎಂದು ಅವರು ಮೊದಲಿನಿಂದಲೂ ಕಂಡಿದ್ದರು. ನನಗದು ತಡವಾಗಿ ಕಂಡಿತು.

2013ರ ಜುಲೈ 16ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಕೆಲಸ ಕಳೆದುಕೊಂಡ ಹೆಂಗಸರ ಸಂಖ್ಯೆ 75,000ಕ್ಕೂ ಮೇಲೆ ಎಂದು ಆ ತೀರ್ಪಿನಲ್ಲಿದೆ. ಅವರಲ್ಲಿ ಅನೇಕರು ಹೊಟ್ಟೆಪಾಡಿಗೆ ಮೈ ಮಾರಬೇಕಾಯಿತು, ರೋಗಕ್ಕಿಂತ ಮದ್ದೇ ಕೆಟ್ಟದಾಯಿತು ಎಂಬ ಅರ್ಥದ ಮಾತೂ ಇದೆ. ಸರಕಾರ ಬಿಡಲಿಲ್ಲ. 2014ರಲ್ಲಿ ದೊಡ್ಡ ಹೊಟೇಲುಗಳನ್ನೂ ಸೇರಿಸಿ ಮತ್ತೆ ನಿಷೇಧ, 2015ರಲ್ಲಿ ಸುಪ್ರೀಂ ಕೋರ್ಟಿನ ತಡೆ, 2016ರಲ್ಲಿ ಇನ್ನೊಂದು ಕಾಯ್ದೆ. ಅದರ ಹೆಸರು ಒಂದು ಉಸಿರಿನಲ್ಲಿ ಹೇಳಲಾಗದು: ಹೊಟೇಲು, ರೆಸ್ಟೋರೆಂಟ್ ಮತ್ತು ಬಾರ್ ಕೋಣೆಗಳಲ್ಲಿ ಅಶ್ಲೀಲ ನೃತ್ಯ ನಿಷೇಧ ಹಾಗೂ ಅಲ್ಲಿ ದುಡಿಯುವ ಮಹಿಳೆಯರ ಘನತೆ ರಕ್ಷಣಾ ಕಾಯ್ದೆ. ನರ್ತಿಸುವ ಕಡೆಯೆಲ್ಲ ಸಿಸಿಟಿವಿ, ಶಾಲೆ-ದೇವಸ್ಥಾನದಿಂದ ಒಂದು ಕಿಲೋಮೀಟರ್ ದೂರ, ಹೀಗೆ ಷರತ್ತುಗಳ ಪಟ್ಟಿ. ಮುಂಬಯಿಯಲ್ಲಿ ಶಾಲೆಯೂ ದೇವಸ್ಥಾನವೂ ಇಲ್ಲದ ಒಂದು ಕಿಲೋಮೀಟರ್ ಎಲ್ಲಿದೆ? 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇವೆರಡನ್ನೂ ತೆಗೆದುಹಾಕಿತು. ನೋಟು ಎಸೆಯಬಾರದು, ಸಂಜೆ 6ರಿಂದ ರಾತ್ರಿ 11.30ರವರೆಗೆ ಮಾತ್ರ ಎಂಬ ನಿಯಮಗಳನ್ನು ಉಳಿಸಿತು. 2022ರಲ್ಲಿ, ಆರ್ಕೆಸ್ಟ್ರಾ ಬಾರಿನ ವೇದಿಕೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಹೆಂಗಸರು ಇರಕೂಡದು ಎಂಬ ಷರತ್ತನ್ನೂ ತಳ್ಳಿಹಾಕಿದ ತೀರ್ಪು ಬರೆದವರು ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಹೆಣ್ಣು ಹಾಡಲಿಕ್ಕೆ ಬಂದರೆ ತಲೆ ಎಣಿಸುವ ಕಾನೂನು ಅವಳನ್ನು ಕಾಪಾಡುವುದಿಲ್ಲ ಎಂದು ನಾನು ಅದನ್ನು ಓದಿಕೊಂಡೆ.

ಹೆಂಗಸರ ಹೆಸರಿನಲ್ಲಿ ಬಂದ ಕಾನೂನು ಇನ್ನೊಂದಿದೆ, ಅದೂ ನಮ್ಮ ಕರಾವಳಿಗೆ ಸಂಬಂಧಪಟ್ಟದ್ದು. ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆ, 1986. ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದವರು ಮಂಗಳೂರಿನ ಮಾರ್ಗರೆಟ್ ಆಳ್ವ. ಟಯರು, ಸಿಮೆಂಟು ಮಾರಲೂ ಹೆಣ್ಣಿನ ಮೈ ತೋರಿಸುತ್ತಿದ್ದ ಕಾಲ. ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ಅದು ಜಾಹೀರಾತು, ಪುಸ್ತಕ, ಪೋಸ್ಟರುಗಳ ಕಾಲದ್ದು. ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 2,000 ರೂಪಾಯಿ, ಜೊತೆಗೆ ಎರಡು ವರ್ಷದವರೆಗೆ ಜೈಲು. ಇಂಟರ್ನೆಟ್ಟಿಗೆ ಹೊಂದಿಸಲು 2012ರಲ್ಲಿ ಬಂದ ತಿದ್ದುಪಡಿ ಮಸೂದೆಯನ್ನು 2021ರಲ್ಲಿ ಹಿಂದಕ್ಕೆ ತೆಗೆದುಕೊಂಡರು.

ಹಾಗಾದರೆ ಚಿತ್ರದಲ್ಲಿರುವವಳನ್ನು ಕೇಳುವ ಕಾನೂನೇ ಇಲ್ಲವೇ? ಇದೆ. ತಡವಾಗಿ, ಸದ್ದಿಲ್ಲದೆ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಮಾಡಿದ ತಿದ್ದುಪಡಿಯಲ್ಲಿ 66ಇ ಎಂಬ ಕಲಮು ಸೇರಿತು. ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದರೆ, ಕಳಿಸಿದರೆ ಮೂರು ವರ್ಷದವರೆಗೆ ಜೈಲು. 2013ರಲ್ಲಿ, ದೆಹಲಿಯ ಆ ಘಟನೆಯ ನಂತರ, ದಂಡ ಸಂಹಿತೆಗೆ 354ಸಿ ಬಂತು, ಈಗ ಅದು ನ್ಯಾಯ ಸಂಹಿತೆಯ 77. ಅದರ ಕೆಳಗಿನ ಒಂದು ವಿವರಣೆಯನ್ನು ನಿಮ್ಮ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೂ, ದಯವಿಟ್ಟು ಹೇಳಿ. ಹುಡುಗಿ ಅಂಥ ಫೋಟೋ ತೆಗೆಯಲು ಒಪ್ಪಿದ್ದರೂ, ಇನ್ನೊಬ್ಬರಿಗೆ ಕಳಿಸಲು ಒಪ್ಪದಿದ್ದರೆ, ಕಳಿಸುವುದು ಅಪರಾಧ. "ಅವಳೇ ಕಳಿಸಿದ್ದಲ್ಲವಾ" ಎಂಬ ಮಾತಿಗೆ ಅಲ್ಲಿಗೆ ಬೆಲೆಯಿಲ್ಲ.

ಆ ರಾತ್ರಿಯ ಫೋನಿಗೆ ಬರೋಣ. ಫೋಟೋ ಎಷ್ಟು ಅಶ್ಲೀಲ ಎಂದು ಅಳೆಯುವ ಚರ್ಚೆಗೆ ನಾವು ಹೋಗಲೇ ಇಲ್ಲ. ಮುಖ ಅಂಟಿಸಿದ ಫೋಟೋ ಅವಳ ಮಾನಕ್ಕೆ ಕುಂದು ತರಲೆಂದೇ ಸೃಷ್ಟಿಸಿದ ನಕಲಿ ದಾಖಲೆ, ಅದಕ್ಕೆ 336 ಇದೆ. ಹೆಣ್ಣಿನ ಮಾನಕ್ಕೆ ಅವಮಾನ ಮಾಡಿ ಅವಳ ಖಾಸಗಿತನಕ್ಕೆ ಕೈ ಹಾಕಿದ್ದಕ್ಕೆ 79 ಇದೆ. ಜೊತೆಗೆ ಐಟಿ ಕಾಯ್ದೆಯ 67. ಬರವಣಿಗೆಯಲ್ಲಿ ಇಷ್ಟನ್ನೂ ಹಾಕಿಕೊಂಡು ಮರುದಿನ ಹೋದೆವು. ಆ ಅಪರಾಧಗಳಲ್ಲಿ ಹೆಣ್ಣುಮಗಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲಿದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, "ನಮ್ಮ ಹದ್ದಿಗೆ ಬರುವುದಿಲ್ಲ" ಎನ್ನುವಂತಿಲ್ಲ. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ಆದ್ದರಿಂದ ಕೌಂಟರಿನಲ್ಲಿ ವಾದ ಮಾಡದೆ ಒಳಗೆ ಹೋಗಿ ಕೂರಿ. ಠಾಣೆಗೆ ಹೋಗಲು ಅಳುಕಿದ್ದರೆ ಕೇಂದ್ರ ಸರಕಾರದ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಮಹಿಳೆಯರ, ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಸಹಾಯವಾಣಿ 1930. ಇಂಥ ಚಿತ್ರಗಳನ್ನು, ಮುಖ ಬದಲಿಸಿದ್ದನ್ನೂ ಸೇರಿಸಿ, ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಐಟಿ ನಿಯಮಗಳು ಕಂಪನಿಗಳಿಗೆ ಗಡುವು ಹಾಕಿದವು. ಆದ್ದರಿಂದ ಆ್ಯಪ್‌ನಲ್ಲೇ ದೂರು ಕೊಡುವುದನ್ನೂ ಬಿಡಬೇಡಿ. ಹುಡುಗಿ ಹದಿನೆಂಟರ ಒಳಗಿನವಳಾದರೆ ಕಾನೂನು ಇನ್ನೂ ಬಿಗಿ. 67ಬಿ ಪ್ರಕಾರ ಮಕ್ಕಳ ಅಂಥ ಚಿತ್ರವನ್ನು ಹುಡುಕುವುದೂ ಡೌನ್‌ಲೋಡ್ ಮಾಡುವುದೂ ಅಪರಾಧ.

ಇನ್ನು ನಮ್ಮ ಬಗ್ಗೆಯೇ. ಬಿಲ್ಡಿಂಗಿನ ಗ್ರೂಪಿಗೆ ಆ ಫೋಟೋ ಹಾಕಿದವರು ಕಿಡಿಗೇಡಿ ಹುಡುಗನಲ್ಲ. ನಮ್ಮ ವಯಸ್ಸಿನವರೇ, ನಾವು ಹಬ್ಬಕ್ಕೆ ಕೊಟ್ಟೆ ಕಡುಬು ಕೊಟ್ಟು ಕಳಿಸುವಂಥವರೇ. "ಪಾಪ, ಇದು ಇಂಥವರ ಮಗಳಲ್ಲವಾ? ತಾಯಿಗೆ ಯಾರಾದರೂ ಹೇಳಿ" ಎಂದು ಕಾಳಜಿಯಿಂದಲೇ ಹಾಕಿದ್ದರು. ಕಾನೂನಿನ ಕಣ್ಣಿಗೆ ಅದು ರವಾನೆ. 67ರಲ್ಲಿ ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ತಾಯಿಗೆ ಹೇಳಬೇಕಿದ್ದರೆ ಫೋನ್ ಮಾಡಿ, ಫೋಟೋ ಕಳಿಸಬೇಡಿ. ಹಾಗೆಂದು ತಾಯಿ, ಮಗಳು ಗಾಬರಿಯಿಂದ ಎಲ್ಲವನ್ನೂ ಅಳಿಸಿಹಾಕಬಾರದು. ಯಾವ ನಂಬರು, ಯಾವ ದಿನ, ಎಷ್ಟು ಗಂಟೆ ಎಂಬುದು ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು, ಪೊಲೀಸರಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಬಾರದು. ಗ್ರೂಪಿನ ಅಡ್ಮಿನ್‌ಗಳು ಈಗ ನನ್ನ ಕಡೆ ನೋಡುತ್ತಿದ್ದೀರಿ, ಗೊತ್ತು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಬರೀ ಅಡ್ಮಿನ್ ಎಂಬ ಕಾರಣಕ್ಕೆ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ. ನೆಮ್ಮದಿಯಿಂದಿರಿ, ಆದರೆ ಅಳಿಸುವ ಬಟನ್ ನಿಮ್ಮ ಕೈಯಲ್ಲಿದೆಯಲ್ಲ, ಒತ್ತಿ.

ಆ ಕೇಸು ಇನ್ನೂ ನಡೆಯುತ್ತಿದೆ, ಅದರ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಹುಡುಗಿ ಒಂದು ತಿಂಗಳು ಮನೆಯಲ್ಲೇ ಇದ್ದು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ದೂರು ಬರೆಸಿ ರಿಕ್ಷಾದಲ್ಲಿ ಬರುವಾಗ, ಕೆರೆಯ ಬದಿಯ ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಿದ್ದೆವು. ಅಷ್ಟು ಹೊತ್ತು ಬಾಯಿ ಬಿಡದವಳು ಒಮ್ಮೆಲೇ, "ಆಂಟಿ, ಮುಖ ನನ್ನದು. ಆದರೆ ಆ ದೇಹ ಯಾರದ್ದು? ಅವಳಿಗೆ ಗೊತ್ತಾ?" ಎಂದು ಕೇಳಿದಳು.

ಠಾಣೆಯಲ್ಲಿ ಎರಡು ಗಂಟೆ ಕುಳಿತು ನಾಲ್ಕು ಪುಟ ಬರೆಸಿದ್ದೆವು. ಅದರಲ್ಲಿ ಎಲ್ಲಿಯೂ ಆ ಇನ್ನೊಬ್ಬಳಿರಲಿಲ್ಲ. ನಾನೂ ಅವಳ ಬಗ್ಗೆ ಯೋಚಿಸಿರಲಿಲ್ಲ. ಉತ್ತರ ಹೊಳೆಯದೆ ಹೊರಗೆ ನೋಡುತ್ತ ಕುಳಿತೆ. ನೀರು ಕೇಳಿ ಕುಡಿಸಿ ಹೋದವಳ ನೆನಪಾಯಿತು.

ಊಟದ ಹೊತ್ತಾಯಿತು. ಎಲ್ಲರೆದುರು ಕೇಳಲಾಗದ ಪ್ರಶ್ನೆಗಳಿದ್ದರೆ ಆಮೇಲೆ ಬಂದು ಕೇಳಿ, ನಾನು ಇಲ್ಲೇ ಇರುತ್ತೇನೆ.